ಶನಿವಾರ ಹಿಡಿಯುವ ಎದೆ

ಮೊದಲು ಹಿಡಿದದ್ದು ಒಂದು ಶನಿವಾರ ಬೆಳಗ್ಗೆ.

ನಮ್ಮ ಯಜಮಾನರು ಹುಣಸೂರಿನಲ್ಲಿ ಹತ್ತಿ ಹಿಂಜುವವರು. ಸೂರಿಗೆ ತೂಗುಹಾಕಿದ ದೊಡ್ಡ ಬಿಲ್ಲು, ಅದರ ಹುರಿಯನ್ನು ಮೀಟುವ ಮರದ ಗುಂಡು, ಕೆಳಗೆ ಹತ್ತಿಯ ರಾಶಿ. ಹುರಿ ಮಿಡಿದಾಗ ಗಂಟುಗಂಟಾಗಿದ್ದ ಹತ್ತಿ ಬಿಡಿಸಿಕೊಂಡು ಮೇಲಕ್ಕೆ ಹಾರುತ್ತದೆ. ಅವರು ಹಿಂಜಿದ್ದನ್ನು ನಾನು ತುಂಬಿ ಹಾಸಿಗೆ, ದಿಂಬು ಹೊಲಿಯುತ್ತಿದ್ದೆ. ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಬಾಯಿಗೆ ತಂದು ಅಭ್ಯಾಸವಿಲ್ಲ. ಈಗ ಅವರೇ ಇಲ್ಲದ ಮೇಲೆ ಹೊಸದಾಗಿ ಕಲಿಯುವ ಆಸೆಯೂ ಇಲ್ಲ. ಮೈಬೂಬಿಯ ಅಪ್ಪ ಅಂದರೆ ನಮ್ಮ ಬೀದಿಗೆಲ್ಲ ಗೊತ್ತು. ಮೈಬೂಬಿ ನಮಗೆ ಒಬ್ಬಳೇ ಮಗಳು.

ಆ ಶನಿವಾರ ಸ್ವಲ್ಪ ಹೊತ್ತು ಹಿಂಜಿದವರು ಗುಂಡು ಕೆಳಗಿಟ್ಟು ಗೋಡೆಗೆ ಒರಗಿದರು. ಅಂಗೈ ಎದೆಯ ಮೇಲಿತ್ತು.

"ಏನ್ರೀ?" ಅಂದೆ.

"ಎದೆ ಮ್ಯಾಲೆ ಯಾರೋ ಕುಂತಂಗೆ ಆಯ್ತದೆ ಕಣೆ."

"ಇನ್ಯಾರು ಕುಂತಾರು, ನಾನೇ ಬುಡಿ. ನಿಖಾ ಆದಾಗಿಂದ ಅಲ್ಲೇ ಅಲ್ವ ನನ್ನ ಜಾಗ" ಅಂದೆ. ನನ್ನ ಬಾಯಿ ಯಾವತ್ತೂ ಸುಮ್ಮನಿದ್ದದ್ದಲ್ಲ. ಅವರಿಗೂ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಉಸಿರು ಸಿಗಲಿಲ್ಲ. ಮೀನು ದಡಕ್ಕೆ ಬಿದ್ದ ಹಾಗೆ ಬಾಯಿ ತೆರೆದು ತೆರೆದು ಮುಚ್ಚಿದರು. ನಾನು ಸೂಜಿ ಎಸೆದು ಓಡಿಹೋಗಿ ಬೆನ್ನು ನೀವಿದೆ. ಸಾಯಂಕಾಲದ ಹೊತ್ತಿಗೆ ಸರಿಹೋಯಿತು. ಬೆಲ್ಲ ತಿಂದರೆ ಗಂಟಲಿನ ದೂಳು ಇಳಿಯುತ್ತದೆ ಅಂತ ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಒಂದು ಹೆಂಟೆ ಬೆಲ್ಲ ಕೊಟ್ಟು ಮರೆತುಬಿಟ್ಟೆ.

ಮುಂದಿನ ಶನಿವಾರ ಮತ್ತೆ ಹಿಡಿಯಿತು.

ಅದರ ಮುಂದಿನ ಶನಿವಾರವೂ.

ಶುಕ್ರವಾರ ನಮಗೆ ರಜಾ. ಬಿಲ್ಲು ಇಳಿಸಿ, ತಲೆಗೆ ಸ್ನಾನ ಮಾಡಿ, ನಮಾಜಿಗೆ ಹೋಗಿ ಬಂದು, ಒಂದಿಷ್ಟು ಬಾಡಿನ ಸಾರು ಅನ್ನ ಉಂಡು ಮಲಗಿದರೆ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಏಳುವುದು. ಆ ದಿನ ಅವರು ಚೆನ್ನಾಗೇ ಇರುತ್ತಿದ್ದರು. ಶನಿವಾರ ಬಿಲ್ಲು ಹಿಡಿದರೆ ಎದೆ ಕಟ್ಟುತ್ತಿತ್ತು. ಭಾನುವಾರ ಅರ್ಧ ಕಮ್ಮಿ. ಬುಧವಾರ, ಗುರುವಾರದ ಹೊತ್ತಿಗೆ ಹುಲಿ. ಹೀಗೆ ವಾರ ನೋಡಿಕೊಂಡು ಬರುವ ಕಾಯಿಲೆಯನ್ನು ನಾನಂತೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಊರಿಗೆ ಊರೇ ವೈದ್ಯರು ಅನ್ನುತ್ತಾರಲ್ಲ, ಹಾಗೆ ಎಲ್ಲರೂ ಶುಕ್ರವಾರದ ಮೇಲೆ ಬಿದ್ದರು. ತಲೆಗೆ ಹಾಕಿಕೊಂಡ ನೀರು ಎದೆಗಿಳಿದಿದೆ ಅಂದರು ಒಬ್ಬರು. ಕಾಸಿದ ನೀರು ಕೊಟ್ಟೆ. ಉಂಡ ಬಾಡು ಜೀರ್ಣವಾಗದೆ ವಾಯು ಮೇಲೇರುತ್ತದೆ ಅಂದರು ಇನ್ನೊಬ್ಬರು. ಬಾಡು ನಿಲ್ಲಿಸಿದೆ. ಮಸೀದಿ ಬಾಗಿಲಲ್ಲಿ ಯಾರದೋ ಕಣ್ಣು ಬಿದ್ದಿದೆ ಅಂದಳು ಪಕ್ಕದ ಮನೆಯವಳು. ಊರಾಚೆಯ ದರ್ಗಾದಿಂದ ತಾಯತ ತಂದು ಕಟ್ಟಿದೆ. ತಾಯತವೂ ಶುಕ್ರವಾರ ಎಲ್ಲ ಸುಮ್ಮನೆ ಕೂತಿದ್ದು ಶನಿವಾರ ಅವರ ಜೊತೆ ಕೆಮ್ಮಿತು.

ಕೊನೆಗೆ ಯಜಮಾನರೇ ಒಂದು ಲೆಕ್ಕ ಹಾಕಿದರು.

"ನೋಡು, ಕೆಲ್ಸ ಮಾಡ್ದಂಗೆ ಮಾಡ್ದಂಗೆ ಎದೆ ಬುಡ್ತದೆ. ಒಂದಿನ ಕುಂತ್ರೆ ಕಟ್ಕತದೆ. ಅಂದ್ರೆ ನಂಗೆ ಕುಂತ್ಕಳದೇ ಆಗ್ಬರಾಕಿಲ್ಲ. ಬಿಲ್ಲೇ ನಂಗೆ ಔಸ್ದಿ."

ಎಷ್ಟು ಸರಿಯಾಗಿ ಕಂಡಿತು ಆ ಮಾತು! ದಿನಾ ತೆಗೆಯುವ ಬೀಗಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ. ಅವತ್ತಿನಿಂದ ಶುಕ್ರವಾರದ ರಜಾ ಹೋಯಿತು. ಮಧ್ಯಾಹ್ನ ಮೈಮೇಲಿನ ಹತ್ತಿ ಕೊಡವಿಕೊಂಡು ನಮಾಜಿಗೆ ಹೋಗಿ ಬಂದವರು ನೇರ ಬಿಲ್ಲಿಗೇ ಕೈಹಾಕುತ್ತಿದ್ದರು. ಆಶ್ಚರ್ಯ ಕೇಳಿ, ಶನಿವಾರದ ಕಾಟ ಹೋಯಿತು. ಪೂರಾ ಹೋಯಿತು. ನಾವಿಬ್ಬರೂ ಎಷ್ಟು ಹಿಗ್ಗಿದೆವು ಅಂದರೆ, ಬೀದಿಯಲ್ಲಿ ಯಾರಿಗೆ ಎಲ್ಲಿ ನೋವಿದೆ ಅಂದರೂ "ಕೂತ್ಕಬೇಡಿ, ಕೆಲ್ಸ ಮಾಡಿ" ಅಂತ ಅವರು ಬುದ್ಧಿ ಹೇಳುವುದು. ನಾನು ಪಕ್ಕದಲ್ಲಿ ತಲೆಯಾಡಿಸುವುದು.

ಒಂದು ವರ್ಷ ಹಾಗೆ ನಡೆಯಿತು. ಆಮೇಲೆ ಮಳೆಗಾಲ ಬಂತು. ಕೊಡಗಿನ ಕಡೆಯಿಂದ ಜಡಿಮಳೆ ಹಿಡಿದರೆ ಹುಣಸೂರಿನಲ್ಲಿ ಹತ್ತಿ ಒದ್ದೆಯಾಗದಂತೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡೇ ಹಿಂಜಬೇಕು. ಆ ಮಳೆಗಾಲ ಎದೆ ಹಿಡಿಯುವುದಕ್ಕೆ ವಾರ ನೋಡಲಿಲ್ಲ. ದಿನಾ ಹಿಡಿಯಿತು. ಹೊಳೆಯ ದಡ ಹತ್ತುವುದಕ್ಕೆ ಅವರು ಮೂರು ಕಡೆ ನಿಲ್ಲಬೇಕಾಯಿತು. ಮೈ ಇಳಿಯಿತು. ಕತ್ತಿನ ಗುಳಿಗಳು ಎದ್ದು ಕಂಡವು. ಅಂಗಿ ತೊಟ್ಟರೆ ಗೂಟಕ್ಕೆ ತಗಲುಹಾಕಿದ ಹಾಗೆ ಕಾಣುತ್ತಿತ್ತು.

ಕೆಮ್ಮು, ಮೈ ಇಳಿತ. ಇವೆರಡನ್ನು ಕಂಡ ಜನ ಮೂರನೆಯದನ್ನು ತಾವೇ ಸೇರಿಸಿಕೊಂಡರು.

ಕ್ಷಯ.

ಹಾಸಿಗೆ ಮಾಡುವವನಿಗೆ ಕ್ಷಯ ಅಂದರೆ ಅರ್ಥವಾಯಿತಲ್ಲ? ಅವನ ಉಸಿರು ತಾಗಿದ ಹತ್ತಿಯ ಮೇಲೆ ಯಾರು ಮಲಗುತ್ತಾರೆ? ಗೌಡರ ಮನೆಯೊಂದರಿಂದ ಮದುವೆಯ ಹಾಸಿಗೆ ವಾಪಸು ಬಂತು. ಗಾಡಿಯಲ್ಲಿ ತಂದಿಳಿಸಿದ ಮನೆಯ ಹಿರಿಯ ಹೆಂಗಸು ನನ್ನ ಮುಖ ನೋಡಲಾರದೆ, "ಹೊಸ ಹೆಣ್ಣುಗಂಡು ಮಲೀಕಳೋ ಹಾಸ್ಗೆ ಕಣವ್ವ, ತಪ್ಪು ತಿಳ್ಕಬ್ಯಾಡ" ಅಂದಳು. ತಪ್ಪು ಹೇಗೆ ತಿಳಿಯಲಿ. ನಾನಾಗಿದ್ದರೂ ತಂದು ಇಳಿಸುತ್ತಿದ್ದೆ.

ಅದಕ್ಕಿಂತ ದೊಡ್ಡ ಏಟು ಪಿರಿಯಾಪಟ್ಟಣದಿಂದ ಬಂತು. ಯಜಮಾನರ ತಂಗಿಯನ್ನು ಅಲ್ಲಿಗೆ ಕೊಟ್ಟಿತ್ತು. ಅವಳ ಮಗ ಕಾಸಿಂಗೆ ನಮ್ಮ ಮೈಬೂಬಿ ಅಂತ ಇಬ್ಬರೂ ಅಂಬೆಗಾಲಿಡುವಾಗಲೇ ಮಾತಾಗಿತ್ತು. ಹುಡುಗ ಒಳ್ಳೆಯವನು, ಬಾಯಿ ಕಮ್ಮಿ, ಕೆಲಸ ಜಾಸ್ತಿ. ಮೈಬೂಬಿಗೆ ಅವನ ಹೆಸರು ಕೇಳಿದರೆ ಒಲೆ ಮುಂದೆ ಕೆಲಸ ನೆನಪಾಗುತ್ತಿತ್ತು. ಆ ನನ್ನ ನಾದಿನಿ ಒಂದು ದಿನ ಬಂದಳು. ಒಳಗೆ ಬರದೆ ಹೊಸ್ತಿಲ ಮೇಲೆ ಕೂತಳು. ಮೈಬೂಬಿ ತಂದುಕೊಟ್ಟ ಲೋಟ ಪಕ್ಕಕ್ಕಿಟ್ಟಳು.

ನೀರು ಮುಟ್ಟಲಿಲ್ಲ.

"ಅಣ್ಣಂಗೆ ಏನಾಗದೆ ಅಂತ ಗೊತ್ತಾಗಗಂಟ ಮದ್ವೆ ಮಾತು ಬ್ಯಾಡ ಅತ್ತಿಗೆ. ಕ್ಸಯ ಅಂಬದು ರಕ್ತದಾಗೆ ಬತ್ತದಂತೆ. ನಂಗೂ ಇರೋನು ಒಬ್ನೇ ಮಗ."

ನಾನು ಏನೇನೋ ಅಂದೆ. ನಿನ್ನ ಒಡಹುಟ್ಟಿದವನು ಕಣೇ, ನಿನ್ನ ರಕ್ತ ಬೇರೆಯಾ, ಅಂದೆ. ಒಳಗೆ ಅವರು ಕೆಮ್ಮು ತಡೆದುಕೊಳ್ಳುತ್ತಿರುವುದು ನನಗೆ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು. ಅವಳು ಅತ್ತುಕೊಂಡೇ ಎದ್ದುಹೋದಳು.

ಅವತ್ತಿನಿಂದ ನನಗೆ ಒಂದೇ ಹುಚ್ಚು. ಈ ಕಾಯಿಲೆಗೆ ಒಂದು ಹೆಸರು ಬೇಕು, ಅದು ಕ್ಷಯ ಆಗಿರಬಾರದು. ಅವರಿಗೆ ವಾಸಿಯಾಗಲಿ ಅಂತ ಬೇಡಿಕೊಳ್ಳುವಾಗಲೂ ಈ ಮಾತನ್ನೇ ಮೊದಲು ಹೇಳುತ್ತಿದ್ದೆ. ದೇವರಿಗೆ ನನ್ನ ಮನಸ್ಸು ಗೊತ್ತು, ಮುಚ್ಚಿಡುವುದೇನು.

ಹುಣಸೂರಿನ ಆಸ್ಪತ್ರೆಯ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಆಸ್ತಮಾ ಅಂದರು. ಕೆಂಪು ಮಿಕ್ಸ್ಚರ್ ಕೊಟ್ಟರು. ಎರಡು ಸೀಸೆ ಮುಗಿದ ಮೇಲೆ, ನೋವು ಇರುವುದರಿಂದ ಹಾರ್ಟ್ ಇದ್ದರೂ ಇರಬಹುದು ಅಂದರು. ಎಡತೊರೆಯಲ್ಲಿ ಒಬ್ಬ ಪಂಡಿತರಿದ್ದಾರೆ, ನಾಡಿ ಹಿಡಿದರೆ ಹೇಳಿಬಿಡುತ್ತಾರೆ ಅಂದರು ಯಾರೋ. ಹೋದೆವು. ಅವರು ನಾಡಿ ಹಿಡಿದು ಕಣ್ಣು ಮುಚ್ಚಿ, ವಾತ ಅಂದರು. ಆಡುಸೋಗೆ ಸೊಪ್ಪಿನ ಕಷಾಯ ಕುಡಿಸಿದೆ. ಕಫ ಸಡಿಲವಾಯಿತೇ ಹೊರತು ಎದೆ ಸಡಿಲವಾಗಲಿಲ್ಲ.

ಅಷ್ಟರಲ್ಲಿ ದಿಂಬಿಗೆ ಬೂರುಗದ ಹತ್ತಿ ತರಲು ಅವರು ಹೆಗ್ಗಡದೇವನಕೋಟೆಯ ಕಾಡಿನ ಕಡೆಗೆ ಹೋಗಬೇಕಾಯಿತು. ಬೇಡ ಅಂದೆ, ಕೇಳಲಿಲ್ಲ. ಹದಿನೈದಿಪ್ಪತ್ತು ದಿನ ಅಲ್ಲಿ ಮರದ ಕೆಳಗೆ ಮಲಗಿ, ಗಾಡಿಯ ಹಿಂದೆ ನಡೆದು, ಮುಖದಲ್ಲಿ ಕಳೆ ತುಂಬಿಕೊಂಡು ಬಂದರು. ಎದೆ ಒಂದು ದಿನವೂ ಕಟ್ಟಿರಲಿಲ್ಲ. ಮನೆಗೆ ಬಂದು ಬಿಲ್ಲು ಕಟ್ಟಿದ ದಿನವೇ ನೆಲ ಹಿಡಿದರು. ಹಾಗಾದರೆ ಮನೆಯದೇ ದೋಷ ಅಂತ ಬೀದಿ ತೀರ್ಪು ಕೊಟ್ಟಿತು. ಸೆರಗು ಸಿಕ್ಕಿಸಿಕೊಂಡು ಇಡೀ ಮನೆಗೆ ನಾನೇ ಸುಣ್ಣ ಬಳಿದೆ. ಗೋಡೆ ಬೆಳ್ಳಗಾಯಿತು. ಅವರ ತುಟಿ ನೀಲಿಯಾಯಿತು.

ಆಗ ನನ್ನ ಅಣ್ಣ ಬಂದು, "ಇನ್ ಸಾಕು, ಮೈಸೂರಿಗೆ ನಡೀರಿ" ಅಂದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ವಾರ್ಡಿಗೆ ಹಾಕಿಕೊಂಡರು. ಯಜಮಾನರ ಹೆಸರು ಕೇಳಿದ ನರ್ಸಮ್ಮನಿಗೆ, ಅವನೇ ಹೇಳಲಿ ಅಂತ ನಾನು ಅಣ್ಣನನ್ನು ತೋರಿಸಿದೆ. ಅವಳು ಅಣ್ಣನನ್ನೇ ರೋಗಿ ಅಂದುಕೊಂಡು ಮಲಗಲು ಹೇಳಿದಳು. ಆ ಸ್ಥಿತಿಯಲ್ಲೂ ಯಜಮಾನರು ನಕ್ಕರು. ಕಫ ಹಿಡಿದುಕೊಂಡು ಹೋದರು, ರಕ್ತ ತೆಗೆದರು, ಎಕ್ಸ್‌ರೇ ಫೋಟೋ ತೆಗೆದರು. ಬಟ್ಟೆ ಬಿಚ್ಚಿಸಿ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸುತ್ತಾರಂತೆ. "ಉಸ್ರು ಬಿಗಿ ಹಿಡ್ಕೊ ಅಂತಾರೆ ಕಣೆ, ಇದ್ರೆ ತಾನೆ ಹಿಡ್ಕಳಕೆ" ಅಂದರು. ಅವತ್ತು ನಾನು ನಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಂದರು. "ಟಿ.ಬಿ. ಇಲ್ಲ. ಹಾರ್ಟಲ್ಲೂ ಅಂಥದ್ದೇನಿಲ್ಲ" ಅಂದರು.

ನಾನು ಅಲ್ಲೇ ಸೆರಗೊಡ್ಡಿ, ನಿನ್ನ ಉಪಕಾರ ದೊಡ್ಡದು ಅಂತ ಅಲ್ಲಾನಿಗೆ ಶುಕ್ರ್ ಹೇಳಿದೆ. "ಮತ್ತೆ ಏನದು ಸ್ವಾಮಿ?"

"ಏನು ಅಂತ ಹೇಳೋದಕ್ಕೆ ಆಗ್ತಿಲ್ಲಮ್ಮ. ಫೋಟೋದಲ್ಲಿ ಏನೂ ಕಾಣ್ತಿಲ್ಲ. ಕರ್ಕೊಂಡು ಹೋಗಿ, ಟಾನಿಕ್ ಬರ್ಕೊಡ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ಗೊತ್ತಿಲ್ಲ ಅಂಬೋ ಕಾಯ್ಲೆ ಕಟ್ಕಂಡು ಯಾವ ಮುಖ ಇಟ್ಕಂಡು ಓಗ್ಲಿ ಸ್ವಾಮಿ? ನನ್ನ ಮಗಳ ಮದ್ವೆ ನಿಂತದೆ! ಕ್ಸಯ ಅಲ್ಲ ಅಂದ್ರೆ ಮತ್ತೇನು ಅಂತ ಕೇಳಾಕಿಲ್ವ ಅವ್ರು?" ಅಂತ ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಣ್ಣ ನನ್ನ ಕೈ ಎಳೆದ. ನಾನು ಬಿಡಿಸಿಕೊಂಡೆ.

ಆ ಗಲಾಟೆಗೆ ಆಚೆ ಕೊನೆಯಲ್ಲಿ ಯಾರನ್ನೋ ನೋಡುತ್ತಿದ್ದ ದೊಡ್ಡ ಡಾಕ್ಟರು ಬಂದರು. ಗದರಿಸುತ್ತಾರೆ ಅಂದುಕೊಂಡೆ. ಅವರು ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಇವರ ಕೈ ಹಿಡಿದು, "ಏನು ಕಸುಬು?" ಅಂದರು. ಹೇಳಿದೆವು. "ಎದೆ ಹಿಡಿಯೋದಕ್ಕೆ ಶುರುವಾದಾಗ ಯಾವ ದಿನ ಜಾಸ್ತಿ ಇರ್ತಿತ್ತು?"

"ಶನಿವಾರ ಬುದ್ದಿ" ಅಂದರು ಇವರು.

"ನಿಮಗೆ ಶುಕ್ರವಾರ ರಜಾ, ಅಲ್ವ?"

ಆ ಮಾತನ್ನು ನಾವು ಹೇಳಿಯೇ ಇರಲಿಲ್ಲ.

ಅವರು ನಿಧಾನವಾಗಿ ಹೇಳಿದರು. ಇಂಗ್ಲೆಂಡಿನಲ್ಲಿ ಹತ್ತಿಯ ಮಿಲ್ಲುಗಳಿವೆಯಂತೆ. ಅಲ್ಲಿ ಭಾನುವಾರ ರಜಾ. ಅಲ್ಲಿಯ ಕೂಲಿಯವರಿಗೂ ಹೀಗೇ ಎದೆ ಹಿಡಿಯುತ್ತದೆ, ಆದರೆ ಸೋಮವಾರ. ಹತ್ತಿಯ ದೂಳಿನಲ್ಲಿ ಏನೋ ಇದೆ. ದಿನಾ ಕುಡಿಯುತ್ತಿದ್ದರೆ ಎದೆ ಅದಕ್ಕೆ ಒಗ್ಗಿಕೊಂಡ ಹಾಗೆ ಇರುತ್ತದೆ. ಒಂದು ದಿನ ಬಿಟ್ಟು ಮತ್ತೆ ಕುಡಿದರೆ ಹೊಸದಾಗಿ ಏಟು ಬಿದ್ದ ಹಾಗೆ ಬಿಗಿಯುತ್ತದೆ. ನಮ್ಮ ಕಡೆ ಅದಕ್ಕೆ ಹೆಸರಿಲ್ಲ, ಹತ್ತಿಯ ದೂಳಿನ ಕಾಯಿಲೆ ಅಂದುಕೊಳ್ಳಿ ಅಂದರು. "ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡ್ತಿರೋದು ಇದೇ ಮೊದಲು."

"ಅಂಗಾರೆ ಬುದ್ದಿ, ನಾನು ಶುಕ್ರವಾರ ರಜಾ ಬುಟ್ಟ ಮ್ಯಾಲೆ ಕಮ್ಮಿ ಆಗಿತ್ತಲ್ಲ?" ಅಂದರು ಇವರು. ಮುಖದಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು.

"ಕಮ್ಮಿ ಆಗಿರಲಿಲ್ಲಪ್ಪ. ನಿನಗೆ ಗೊತ್ತಾಗ್ತಿರಲಿಲ್ಲ, ಅಷ್ಟೆ."



ಔಷಧಿ ಕೇಳಿದೆ. ಬಿಲ್ಲು ಬಿಡುವುದೇ ಔಷಧಿ ಅಂದರು. ಬಿಟ್ಟರೆ ಇನ್ನು ಹೆಚ್ಚಾಗುವುದು ನಿಲ್ಲಬಹುದು, ಹೋದ ಉಸಿರು ವಾಪಸು ಬರುವುದು ಕಷ್ಟ. ಅಂಟುತ್ತದಾ ಅಂದೆ. ಇಲ್ಲ ಅಂದರು. ರಕ್ತದಲ್ಲಿ ಮಕ್ಕಳಿಗೆ ಬರುತ್ತದಾ ಅಂದೆ. "ಇಲ್ಲಮ್ಮ. ಹತ್ತಿ ಹಿಂಜೋರಿಗೆ ಮಾತ್ರ ಬರೋದು."

ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ನಾದಿನಿಗೆ ಇವತ್ತೇ ಹೇಳಿಕಳಿಸಬೇಕು, ಗೌಡರ ಮನೆಯವಳಿಗೆ ಮೊದಲು ಹೇಳಬೇಕು, ನಿಖಾ ಶಾಬಾನ್ ತಿಂಗಳೊಳಗೆ ಆಗಬೇಕು. ಅಣ್ಣ ಹೂಂ ಹೂಂ ಅನ್ನುತ್ತಿದ್ದ. ಬಿಳಿಕೆರೆ ದಾಟಿದ ಮೇಲೆ ಇವರು ಕಿಟಕಿಯಿಂದ ಮುಖ ತಿರುಗಿಸಿದರು.

"ಕಾಸಿಂ ಏನ್ ಕೆಲ್ಸ ಮಾಡ್ತಾನೆ?" ಅಂದರು.

"ಏನ್ರೀ ಇಂಗೆ ಕೇಳ್ತೀರ? ನಿಮ್ಮ ಕೈಯಾಗೇ ಅಲ್ವ ಅವ್ನು ಹಿಂಜೋದು ಕಲ್ತ..."

ಹುಣಸೂರಿನಲ್ಲಿ ಇಳಿದ ಮೇಲೆ ನಾದಿನಿಗೆ ಹೇಳಿಕಳಿಸಿದೆ.

ನಾದಿನಿ ಓಡಿಬಂದಳು. ತನ್ನ ಅಣ್ಣನನ್ನು ತಬ್ಬಿಕೊಂಡು ಗೋಳೋ ಅಂತ ಅತ್ತಳು. ನೀರು ಕುಡಿದಳು, ಊಟ ಮಾಡಿದಳು, ನಮ್ಮ ಹಾಸಿಗೆಯ ಮೇಲೇ ಕಾಲು ಚಾಚಿದಳು. ಅವಳನ್ನು ದೂರಲಾರೆ. ಎಲ್ಲ ಮುಗಿದ ಮೇಲೆ ಇವರು ಹೇಳಿದರು, ಕಾಸಿಂ ಬಿಲ್ಲು ಬಿಡಲಿ, ಬೇರೆ ಏನಾದರೂ ಮಾಡಲಿ, ಇಲ್ಲದಿದ್ದರೆ ಈ ಮದುವೆ ಬೇಡ.

ಮದುವೆ ಬೇಡ ಅನ್ನುವ ಸರದಿ ಈಗ ನಮ್ಮದಾಗಿತ್ತು.

"ಬಿಲ್ಲು ಬುಟ್ರೆ ಏನ್ ಉಣ್ಣಾಕೆ ಇಕ್ಕಾನು ಅಣ್ಣ ನಿನ್ನ ಮಗಳ್ಗೆ? ಒಲ ಅದಾ ಮನೆ ಅದಾ ನಮ್ಗೆ? ಹಿಂಜೋರೆಲ್ಲ ಸತ್ತೋದ್ರಾ? ನಮ್ಮಪ್ಪ ಹಿಂಜ್ನಿಲ್ವಾ?" ಅಂದಳು ಅವಳು.

ನಮ್ಮ ಮಾವನವರೂ ಕೆಮ್ಮಿಕೊಂಡೇ ಹೋದದ್ದು ಆ ಹೊತ್ತಿಗೆ ಮೂವರಿಗೂ ನೆನಪಾಗಿರಬೇಕು.

ಮಾತು ಮುರಿಯುವ ಹಂತಕ್ಕೆ ಬಂದಾಗ ಮೈಬೂಬಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹಿರಿಯರ ಮುಂದೆ ದನಿ ಎತ್ತಿದ ಹುಡುಗಿಯಲ್ಲ ಅವಳು. "ಅಪ್ಪ, ಇವ್ರನ್ನ ಬ್ಯಾಡ ಅಂದ್ರೆ ಇನ್ಯಾರನ್ನ ತತ್ತೀಯ? ನಮ್ಮ ಮನೆಗೆ ಹೆಣ್ಣು ಕೇಳಾಕೆ ಬರೋನು ಯಾರಾದ್ರೂ ಹತ್ತಿ ಹಿಂಜೋ ಪಿಂಜಾರನೇ ಅಲ್ವ?" ಅಂದಳು.



ಕೊನೆಗೆ ಇವರು ಕಾಸಿಂನನ್ನು ಕರೆಸಿ ಮುಂದೆ ಕೂರಿಸಿಕೊಂಡು ಮಾತು ತಗೊಂಡರು. ಬಾಗಿಲು ಮುಚ್ಚಿಕೊಂಡು ಹಿಂಜಬೇಡ, ಹೊರಗೆ ಮರದ ಕೆಳಗೆ ಹಿಂಜು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊ. ಶನಿವಾರ ಎದೆ ಬಿಗಿದರೆ ಮುಚ್ಚಿಡಬೇಡ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ ಹೇಳಿದರು. ಹುಡುಗ ತಲೆ ತಗ್ಗಿಸಿ "ಆಯ್ತು ಮಾವ" ಅಂದ.

ನಿಖಾ ಆಯಿತು. ಬಿಟ್ಟುಹೋಗಿದ್ದ ಗಿರಾಕಿಗಳೂ ಬಂದರು, ಆದರೆ ಹಿಂಜುವವರಿರಲಿಲ್ಲ. ಇವರು ಜಗಲಿಯ ಮೇಲೆ ಕೂತು ದಿಂಬಿನ ಗಲೀಬು ಹೊಲಿದುಕೊಡುತ್ತಿದ್ದರು. ಹೊಲಿಗೆ ಹಾವು ಹರಿದ ಹಾಗೆ ಇರುತ್ತಿತ್ತು, ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಶನಿವಾರಕ್ಕೂ ಗುರುವಾರಕ್ಕೂ ಆಮೇಲೆ ಭೇದ ಉಳಿಯಲಿಲ್ಲ. ಎದೆ ಬಿಗಿಯುವುದು ನಿಂತಿತ್ತು. ಉಸಿರು ಮಾತ್ರ ಜಗಲಿಯಿಂದ ಬೀದಿಗಿಳಿಯುವಷ್ಟೇ ಉಳಿದಿತ್ತು. ಹೋದ ಚಳಿಗಾಲದಲ್ಲಿ ನೆಗಡಿ ಬಂತು. ಎದೆಗಿಳಿಯಿತು. ಅದನ್ನು ತಡೆದುಕೊಳ್ಳಲು ಒಳಗೆ ಏನೂ ಇರಲಿಲ್ಲ.

ನನ್ನ ತೊಡೆಯ ಮೇಲೇ ಹೋದರು.

ಜನ ಬಂದರು. ಹೆದರದೆ ಬಂದರು. ಮೈ ತೊಳೆದರು, ಹೆಗಲು ಕೊಟ್ಟರು, ನಮ್ಮ ಮನೆಯಲ್ಲಿ ಕೂತು ನೀರು ಕುಡಿದರು. ಕ್ಷಯ ಅಂತಲೇ ಉಳಿದಿದ್ದರೆ ಹೀಗೆ ಆಗುತ್ತಿರಲಿಲ್ಲ. ಆ ದೊಡ್ಡ ಡಾಕ್ಟರನ್ನು ದೇವರು ಚೆನ್ನಾಗಿಟ್ಟಿರಲಿ. ಅವರು ಸ್ಟೂಲು ಎಳೆದುಕೊಂಡು ಕೂತದ್ದಕ್ಕೆ ನಮ್ಮ ಮಾನ ಉಳಿಯಿತು.

ಗಂಡ ಹೋದವಳು ಕೂರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮುಗಿದ ವಾರವೇ ಪಿರಿಯಾಪಟ್ಟಣಕ್ಕೆ ಹೋದೆ. ಮಳೆ ಹಿಡಿದಿತ್ತು. ಕಾಸಿಂ ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗೇ ಹಿಂಜುತ್ತಿದ್ದ. ಒದ್ದೆ ಬಟ್ಟೆ ಕತ್ತಿಗಿಳಿದಿತ್ತು. ನನ್ನ ಕಂಡು ಮುಖ ಸಣ್ಣದಾಯಿತು. "ಮಳೇಲಿ ಒರಗೆ ಎಂಗೆ ಹಿಂಜ್ಲಿ ಅತ್ತೆ? ಬಟ್ಟೆ ಕಟ್ಕಂಡ್ರೆ ಉಸ್ರು ಕಟ್ತದೆ" ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಶುಕ್ರವಾರ ಅವನು ರಜಾ ಮಾಡಿದ. ನಾನು ಹೊರಡುವುದನ್ನು ಒಂದು ದಿನ ಮುಂದಕ್ಕೆ ಹಾಕಿದೆ.

ಶನಿವಾರ ಬೆಳಗ್ಗೆ ಅವನು ಬಿಲ್ಲು ಹಿಡಿಯುವ ಹೊತ್ತಿಗೆ ಸೂಜಿ ದಾರ ತಗೊಂಡು ಅದೇ ಕೋಣೆಯ ಮೂಲೆಯಲ್ಲಿ ಕೂತೆ. ಮೈಬೂಬಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಹುರಿಯ ಸದ್ದಿನ ನಡುವೆ ಅವನ ಉಸಿರು ಹುಡುಕುತ್ತ ಮಧ್ಯಾಹ್ನದವರೆಗೆ ಕೂತಿದ್ದೆ. ಕೆಮ್ಮಲಿಲ್ಲ. ಆದರೂ ಸಮಾಧಾನವಾಗದೆ, "ಒಂದ್ಸಲ ಜೋರಾಗಿ ಉಸ್ರು ಎಳ್ಕಳಪ್ಪ" ಅಂದೆ. ಅತ್ತೆಗೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ, ನಗುತ್ತಲೇ ಎಳೆದುಕೊಂಡ. ಉಸಿರು ಎದೆ ತುಂಬ ಹೋಯಿತು.

ಅಲ್ಲಾನಿಗೆ ಶುಕ್ರ್. ಆ ಶನಿವಾರಕ್ಕೆ.

ಮಾರನೆಯ ದಿನ ಹುಣಸೂರಿಗೆ ಬಂದೆ. ಎಂಥ ಉಸಿರಿಗೆ ಕಿವಿ ಕೊಡಬೇಕು, ಯಾವ ದಿನ ಕೊಡಬೇಕು ಅಂತ ಮಗಳಿಗೆ ಕಲಿಸಿ ಬಂದಿದ್ದೇನೆ.